ಜೆಟ್ ವಿಮಾನವೂ ನಮ್ಮ ನಕ್ಷತ್ರಗಳೂ

(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



1960ರ ಫೆಬ್ರವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಗೆ ಬೋಯಿಂಗ್ 707 ಜೆಟ್ ವಿಮಾನವು ಬಂದಿತು. ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಅದರ ಯಾನ ಮೊದಲಾಯಿತು. ಆ ವಿಮಾನಗಳಿಗೆ ಹಿಮಾಲಯದ ಶಿಖರಗಳ ಹೆಸರನ್ನಿಟ್ಟಿದ್ದರು. ಅವನ್ನು ನಡೆಸಿದವರಲ್ಲಿ ಉಳಿದಿರುವವರು ಇಂದು ವೃದ್ಧರು.

ನಿವೃತ್ತ ವೈಮಾನಿಕರ ನೆನಪುಗಳಲ್ಲಿ ವೇಗಕ್ಕಿಂತ ಮಿಗಿಲಾದುದು ಸಹಕಾರ. ಚಾಲಕರಿಬ್ಬರು ಮುಂದೆ, ಹಿಂದೆ ನಾಲ್ಕು ಎಂಜಿನುಗಳನ್ನು ಕಾಯುವ ಎಂಜಿನಿಯರು, ಸಾಗರ ದಾಟುವ ಯಾನಗಳಲ್ಲಿ ಮಾರ್ಗವನ್ನು ನಿರ್ಣಯಿಸುವ ನ್ಯಾವಿಗೇಟರು. ಕೆಳಗೆ ಕಡಲು, ಸುತ್ತಲೂ ಕತ್ತಲೆ. ಸೆಕ್ಸ್‌ಟಂಟ್ ಎಂಬ ಉಪಕರಣದಿಂದ ನಕ್ಷತ್ರದ ಎತ್ತರವನ್ನಳೆದು, ವಿಮಾನವಿರುವ ಸ್ಥಳವನ್ನು ಆತನು ಲೆಕ್ಕ ಹಾಕಿ ಹೇಳುತ್ತಿದ್ದನು. ಮುಂದೆ ಗಣಕಯಂತ್ರಗಳು ಬಂದು ಹಿಂದಿನ ಆ ಎರಡು ಆಸನಗಳೂ ಇಲ್ಲವಾದವು.

ವೈಮಾನಿಕರ ಪರಿಭಾಷೆ ಇಂಗ್ಲಿಷಿನದು, ನಿಜ. ಆದರೆ ಅವರು ನೆಚ್ಚಿದ ನಕ್ಷತ್ರಗಳು ಯಾವುವು? ಆಲ್ಡೆಬರಾನ್ ಎಂದರೆ ನಮ್ಮ ರೋಹಿಣಿ. ಸ್ಪೈಕಾ ನಮ್ಮ ಚಿತ್ತೆ. ಆರ್ಕ್‌ಟುರಸ್ ನಮ್ಮ ಸ್ವಾತಿ. ಮಳೆಯನ್ನೆಣಿಸುವಾಗ ನಮ್ಮ ರೈತನು ಹೇಳುವ ಹೆಸರುಗಳೇ ಇವು! 35,000 ಅಡಿ ಎತ್ತರದಲ್ಲಿ ಜೆಟ್ ವಿಮಾನಕ್ಕೆ ದಾರಿ ತೋರಿದವೂ ಇವೇ. ಹೀಗಿರುವಾಗ, ವಿಜ್ಞಾನಕ್ಕೆ ಕನ್ನಡ ಸಾಲದೆಂಬ ಮಾತನ್ನು ಈ ಗಡಿನಾಡಿನ ಮಕ್ಕಳು ಏಕೆ ನಂಬಬೇಕು?

ಇಂತಹ ವೈಮಾನಿಕರಾಗಲಿ, ದೂರ ದುಡಿದು ಊರಿಗೆ ಮರಳಿದ ಇತರ ಹಿರಿಯರಾಗಲಿ ದೊರೆತಲ್ಲಿ, ಮಕ್ಕಳನ್ನು ಅವರ ಬಳಿ ಕೂರಿಸಿರಿ. ಅವರ ಅನುಭವವನ್ನು ಕನ್ನಡದಲ್ಲಿಯೇ ಕೇಳಿ ಬರೆದಿಡಿಸಿರಿ. ಹಳೆಯ ವಿಮಾನವನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಬಹುದು. ಅದನ್ನು ನಡೆಸಿದವರ ಅನುಭವವು ಬರೆದಿಟ್ಟರೆ ಮಾತ್ರ ಉಳಿದೀತು.