ಓಡುವ ಜೀಪಿಗೆ ಬೀಳುವ ಮಳೆ



ಕೊಡಗಿನ ನೆಲ್ಯಹುದಿಕೇರಿ ಕಾವೇರಿಯ ದಂಡೆಯ ಮೇಲಿರುವ ಊರು. ಸೇತುವೆ ದಾಟಿದರೆ ಸಿದ್ದಾಪುರ. ಇನ್ನೊಂದು ದಿಕ್ಕಿಗೆ ವಾಲ್ನೂರು, ನಂಜರಾಯಪಟ್ಟಣ, ಗುಡ್ಡೆಹೊಸೂರುಗಳ ಮೂಲಕ ಸಾಗಿದರೆ ಕುಶಾಲನಗರ. ದಾರಿಯುದ್ದಕ್ಕೂ ಕಾಫಿ ತೋಟ, ನೆರಳಿನ ಮರಗಳು. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಇಲ್ಲಿ ಗಾದೆಯಲ್ಲ, ದಿನದ ಅನುಭವ. 2019ರ ಆಗಸ್ಟ್ ತಿಂಗಳಲ್ಲಿ ಕಾವೇರಿ ಉಕ್ಕಿ ಈ ಊರಿನ ಹೊಳೆಬದಿಯ ಅನೇಕ ಮನೆಗಳನ್ನು ಕೆಡವಿದ್ದನ್ನು ನೀವು ಕೇಳಿರಬಹುದು. ಹೀಗಾಗಿ ಇಲ್ಲಿನ ಜನ ಮಳೆಯನ್ನು ಹಗುರವಾಗಿ ಕಾಣುವವರಲ್ಲ.

ಅಲ್ಲಿ ನನ್ನ ಅಕ್ಕನ ಮನೆ. ಭಾವನವರ ಬಳಿ ಒಂದು ಹಳೆಯ ತೆರೆದ ಜೀಪು ಇದೆ. ತೋಟದ ಕೆಲಸಕ್ಕೆ ಪಿಕಪ್ ಬಂದ ಮೇಲೆ ಜೀಪು ಬರಿಯ ಪ್ರೀತಿಗಾಗಿ ಉಳಿದುಕೊಂಡಿದೆ. ಕೊಡಗಿನಲ್ಲಿ ಇಂಥ ಪ್ರೀತಿ ಅಪರೂಪವೇನಲ್ಲ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳ ಕೊನೆಯಲ್ಲಿ, ಅದರ ಎಂಜಿನ್ ಕೆಟ್ಟಿತು. ಪಿಕಪ್ಪಿಗೆ ಹಗ್ಗ ಕಟ್ಟಿ ಕುಶಾಲನಗರಕ್ಕೆ ಎಳೆದೊಯ್ಯುವುದೆಂದು ತೀರ್ಮಾನವಾಯಿತು. ಮಳೆಯಿಂದ ಕಾಪಾಡಲು ಕಾಫಿ ಕಣಕ್ಕೆ ಹೊದಿಸುವ ನೀಲಿ ಟಾರ್ಪಾಲನ್ನು ಜೀಪಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಪ್ಲಾಸ್ಟಿಕ್ ಹಗ್ಗ ಬಿಗಿದೆವು. ಸ್ಟೀರಿಂಗ್ ಹಿಡಿದು ಕೂರುವವನಿಗೆ ತಲೆ ಹೊರಗಿಡುವಷ್ಟು ಜಾಗ ಬಿಟ್ಟೆವು. ಕುಳಿತವನು ನನ್ನ ಸೋದರಳಿಯ. ಡಿಗ್ರಿ ಓದುತ್ತಿದ್ದ, ಲೈಸೆನ್ಸ್ ಪಡೆದು ವರ್ಷವಾಗಿತ್ತು. ಕಟ್ಟಿದ ರೀತಿ ನೋಡಿ ವಿಜ್ಞಾನ ಓದಿದ ನಾನೇ "ಚೆನ್ನಾಗಿದೆ" ಎಂದೆ.

ವಾಲ್ನೂರು ತಲುಪುವ ಮೊದಲೇ ಟಾರ್ಪಾಲು ಬಲೂನಿನಂತೆ ಉಬ್ಬಿತು. ಮುಂದಿನ ಒಂದು ಗಂಟು ಬಿಚ್ಚಿತು. ಮರುಕ್ಷಣ ಇಡೀ ಹಾಳೆ ಹುಡುಗನ ಮುಖಕ್ಕೆ ಮುಚ್ಚಿಕೊಂಡಿತು. ಅವನಿಗೆ ದಾರಿ ಕಾಣಲಿಲ್ಲ, ಗಾಬರಿಯಿಂದ ಬ್ರೇಕು ಒತ್ತಿದ. ಹಿಂದೆ ಬರುತ್ತಿದ್ದ ಬೈಕಿನವರು ಹೇಗೋ ಪಕ್ಕಕ್ಕೆ ತಿರುಗಿಸಿಕೊಂಡು ಉಳಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹತ್ತು ಸೆಕೆಂಡುಗಳನ್ನು ನಾನು ಇಂದಿಗೂ ಮರೆತಿಲ್ಲ.

ರಸ್ತೆ ಬದಿಯಲ್ಲಿ ನಿಂತಾಗ ಹುಡುಗ ಕೇಳಿದ: "ಮಾವ, ಶೆಡ್ಡಿನ ಮುಂದೆ ಎರಡು ದಿನದ ಮಳೆಗೂ ಅಲ್ಲಾಡದ ಟಾರ್ಪಾಲು ಇಲ್ಲಿ ಯಾಕೆ ಹೀಗೆ ಮಾಡಿತು?"

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಮಾತು. ಉತ್ತರ ಇಷ್ಟು: ನಿಂತ ಜೀಪಿಗೆ ಬೀಳುವ ಮಳೆ ಬೇರೆ, ಓಡುವ ಜೀಪಿಗೆ ಬೀಳುವ ಮಳೆ ಬೇರೆ. ನಾವು ಮೊದಲನೆಯದಕ್ಕೆ ಹೊದಿಕೆ ಕಟ್ಟಿ, ಎರಡನೆಯದರೊಳಗೆ ಹೊರಟಿದ್ದೆವು.

ಮೊದಲು ಮಳೆಯ ದಿಕ್ಕನ್ನು ನೋಡೋಣ. ಎರಡು ಮಿಲಿಮೀಟರ್ ಅಗಲದ ಮಳೆಹನಿ ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ ನೆಲಕ್ಕೆ ಬರುತ್ತದೆ. ಗಾಳಿಯ ತಡೆ ಇರುವುದರಿಂದ ಅದಕ್ಕಿಂತ ವೇಗ ಅದಕ್ಕೆ ಬರುವುದಿಲ್ಲ. ಗಂಟೆಗೆ 25 ಕಿಲೋಮೀಟರ್ ವೇಗದ ಜೀಪು ಸೆಕೆಂಡಿಗೆ ಸುಮಾರು 7 ಮೀಟರ್ ಮುಂದೆ ಹೋಗುತ್ತದೆ. ಎರಡೂ ಹೆಚ್ಚುಕಡಿಮೆ ಸಮ. ಆದ್ದರಿಂದ ಜೀಪಿನಲ್ಲಿ ಕುಳಿತವನಿಗೆ ಮಳೆ ನೆತ್ತಿಯ ಮೇಲಿಂದ ಬರುವುದಿಲ್ಲ. ಎದುರಿನಿಂದ, ಸುಮಾರು 45 ಡಿಗ್ರಿ ಓರೆಯಾಗಿ ಬರುತ್ತದೆ. ವೇಗ ಇಮ್ಮಡಿಯಾದರೆ ಇನ್ನೂ ಅಡ್ಡಡ್ಡವಾಗಿ, ನೇರ ಮುಖಕ್ಕೇ ಹೊಡೆಯುತ್ತದೆ. ಸೈಕಲ್ಲಿನ ಹಿಂದೆ ಕುಳಿತು ಕೊಡೆ ಹಿಡಿದವರಿಗೆ ಇದು ಗೊತ್ತು. ನಿಂತಾಗ ನೆಟ್ಟಗಿದ್ದ ಕೊಡೆಯನ್ನು ಸೈಕಲ್ಲು ಹೊರಟೊಡನೆ ಮುಂದಕ್ಕೆ ಬಾಗಿಸಲೇಬೇಕು. ನಿಮ್ಮ ಭೌತವಿಜ್ಞಾನ ಪುಸ್ತಕದಲ್ಲಿ ಸಾಪೇಕ್ಷ ವೇಗ ಎಂಬ ಹೆಸರಿನಲ್ಲಿ ಬರುವ ಪಾಠ ಇದೇ.

ಇದರಿಂದ ಒಂದು ಉಪಯೋಗವೂ ಉಂಟು. ಜೀಪಿನ ಮುಂದಿನ ಗಾಜನ್ನು ಎತ್ತಿ ನಿಲ್ಲಿಸಿದರೆ, 45 ಡಿಗ್ರಿ ಮಳೆಯಲ್ಲಿ ಗಾಜಿನ ಎತ್ತರದಷ್ಟೇ ದೂರದವರೆಗೆ ಅದರ ಹಿಂದೆ ಒಂದು "ಮಳೆಯ ನೆರಳು" ಸಿಗುತ್ತದೆ. ನಾವು ಟಾರ್ಪಾಲು ಸರಿಯಾಗಿ ಕೂರಲೆಂದು ಗಾಜನ್ನೇ ಬಾನೆಟ್ಟಿನ ಮೇಲೆ ಮಲಗಿಸಿದ್ದೆವು! ಇದ್ದ ರಕ್ಷಣೆಯನ್ನು ನಾವೇ ತೆಗೆದಿದ್ದೆವು.

ಎರಡನೆಯದು ಗಾಳಿ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 3 ಕಿಲೋಗ್ರಾಂ ತೂಕದಷ್ಟು. ಇದೇನು ಮಹಾ ಎನಿಸಬಹುದು. ಆದರೆ ಜೀಪಿನ ತೆರೆದ ಭಾಗ ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ ಎಂದುಕೊಂಡರೂ 3 ಚದರ ಮೀಟರ್ ಆಯಿತು. ಮುಂದಿನ ಅಂಚು ಸಡಿಲವಿದ್ದರೆ ಗಾಳಿ ಒಳನುಗ್ಗಿ ಹಾಳೆಯನ್ನು ಕೆಳಗಿನಿಂದ ಎತ್ತುತ್ತದೆ. ಉಬ್ಬಿದ ಹಾಳೆಯ ಮೇಲೆ ಗಾಳಿ ವೇಗವಾಗಿ ಹರಿಯುವುದರಿಂದ ಮೇಲಿನ ಒತ್ತಡ ಕಡಿಮೆಯಾಗಿ ಅದು ಇನ್ನಷ್ಟು ಏಳುತ್ತದೆ. ವೇಗ ಇಮ್ಮಡಿಯಾದರೆ ಈ ಬಲ ಇಮ್ಮಡಿಯಲ್ಲ, ನಾಲ್ಮಡಿ ಎಂಬುದನ್ನು ಗಮನಿಸಿ. ಜೊತೆಗೆ ಪಟಪಟನೆ ಬಡಿದುಕೊಳ್ಳುವ ಹಾಳೆ ಗಂಟನ್ನು ಒಂದೇ ಸಮನೆ ಎಳೆದು ಬಿಡುತ್ತಿರುತ್ತದೆ. ಪ್ಲಾಸ್ಟಿಕ್ ಹಗ್ಗ ನುಣುಪು. ಅದರ ಗಂಟು ಜಾರುತ್ತದೆ. ನಾರಿನ ಹಗ್ಗವಾದರೆ ನೆನೆದು ಉಬ್ಬಿ ಇನ್ನೂ ಬಿಗಿಯಾಗುತ್ತದೆ.

ಮೂರನೆಯದು ನಿಂತ ನೀರಿನ ಭಾರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ ಒಂದು ಕಿಲೋಗ್ರಾಂ. ಈ ಲೆಕ್ಕವನ್ನು ನೀವು ನೆನಪಿಟ್ಟುಕೊಳ್ಳಬೇಕು. 10 ಮಿಲಿಮೀಟರ್ ಮಳೆ ಜೀಪಿನ 3 ಚದರ ಮೀಟರಿಗೆ 30 ಲೀಟರ್ ನೀರು ಸುರಿಯುತ್ತದೆ. ಚಪ್ಪಟೆಯಾಗಿ ಕಟ್ಟಿದ ಟಾರ್ಪಾಲಿನ ನಡುವೆ ತಗ್ಗು ಬಿದ್ದರೆ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಬ್ರೇಕು ಹಾಕಿದೊಡನೆ ಅದು ಮುಂದಕ್ಕೆ ನುಗ್ಗುತ್ತದೆ. ಅಂದು ನಮ್ಮ ಹುಡುಗನ ಮಡಿಲಿಗೆ ಸುರಿದದ್ದು ಆಕಾಶದ ಮಳೆಯಲ್ಲ. ನಾವೇ ಹೊದಿಕೆಯ ಮೇಲೆ ಕೂಡಿಟ್ಟಿದ್ದ ಮಳೆ.

ನಾಲ್ಕನೆಯದನ್ನು ನಾವು ಯೋಚಿಸಿಯೇ ಇರಲಿಲ್ಲ: ಕೆಳಗಿನಿಂದ ಬರುವ ಮಳೆ. ಎಳೆಯುವ ಗಾಡಿಯ ಹಿಂದಿನ ಚಕ್ರಗಳು ರಸ್ತೆಯ ಕೆಸರುನೀರನ್ನು ಎತ್ತಿ ಹಿಂದಕ್ಕೆ ಎರಚುತ್ತವೆ. ಹಗ್ಗದ ಅಂತರ ಕಡಿಮೆಯಾದ್ದರಿಂದ ಅದೆಲ್ಲ ಜೀಪಿನ ಮುಖಕ್ಕೇ ಬರುತ್ತದೆ. ಮೇಲೆ ಎಷ್ಟು ಹೊದಿಸಿದರೂ ಇದನ್ನು ತಡೆಯಲಾಗದು. ಅದಕ್ಕೆ ಮದ್ದು ಮುಂದಿನ ಗಾಡಿಯಲ್ಲಿದೆ. ಅದರ ಹಿಂದಿನ ಚಕ್ರಗಳಿಗೆ ಮಡ್‌ಫ್ಲ್ಯಾಪ್ ಇರಬೇಕು, ವೇಗ ಕಡಿಮೆ ಇರಬೇಕು.

ಹಾಗಾದರೆ ಮಾಡಬೇಕಾದದ್ದೇನು?

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಜೀಪಿನಲ್ಲಿ ಮನುಷ್ಯ ಕೂರುತ್ತಾನೆಯೇ, ಇಲ್ಲವೇ? ಹಗ್ಗ ಕಟ್ಟಿ ಎಳೆಯುವಾಗ ಕೂರಲೇಬೇಕು. ಭಾರತದ 1989ರ ರಸ್ತೆ ನಿಯಮಗಳು ಇದನ್ನು ಸ್ಪಷ್ಟವಾಗಿ ಬರೆದಿದ್ದವು: ಹಗ್ಗದಲ್ಲಿ ಎಳೆಸಿಕೊಳ್ಳುವ ವಾಹನದ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಉಳ್ಳವರಿರಬೇಕು, ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು, ಹಗ್ಗ ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು, ಹಿಂದೆ ಸೂಚನಾ ಫಲಕ ಇರಬೇಕು. 2017ರಲ್ಲಿ ಹೊಸ ನಿಯಮಾವಳಿ ಬಂದಿದ್ದರೂ ಈ ಮಾತುಗಳ ಹಿಂದಿನ ವಿವೇಕ ಹಳತಾಗಿಲ್ಲ. ಜೀಪಿನಲ್ಲಿ ಮನುಷ್ಯನಿದ್ದ ಮೇಲೆ ಅವನ ಕಣ್ಣು, ಕೈ, ಕಾಲುಗಳ ಹತ್ತಿರ ಸಡಿಲವಾದ ಬಟ್ಟೆ ಇರಲೇಬಾರದು. ಅಂದರೆ ಹಗ್ಗದಲ್ಲಿ ಎಳೆಯುವ ಜೀಪಿಗೆ ಪೂರ್ತಿ ಹೊದಿಕೆ ಸಲ್ಲದು. ಗಾಜು ನಿಲ್ಲಿಸಿ, ಕಮಾನುಗಳಿರುವ ಕ್ಯಾನ್ವಾಸ್ ಹುಡ್ ಇದ್ದರೆ ಅದನ್ನು ಬಿಗಿದು, ಕುಳಿತವನಿಗೆ ಒಳ್ಳೆಯ ರೇನ್‌ಕೋಟು ಕೊಡಿ. ಬಿಚ್ಚಲು ಬರುವ ಕುಷನ್ನು, ಬ್ಯಾಟರಿ, ಕಾಗದಪತ್ರಗಳನ್ನು ಮುಂದಿನ ಗಾಡಿಗೆ ಸಾಗಿಸಿ. ಉಳಿದ ತಗಡು ಎರಡು ಗಂಟೆ ನೆನೆದರೆ ಕೆಡುವುದಿಲ್ಲ.

ಲಾರಿ ಅಥವಾ ಟ್ರೇಲರಿನ ಮೇಲೆ ಒಯ್ಯುವುದಾದರೆ ಜೀಪಿನಲ್ಲಿ ಯಾರೂ ಇರುವುದಿಲ್ಲ. ಆಗ ಪೂರ್ತಿ ಹೊದಿಸಬಹುದು. ಆದರೆ ವೇಗ ಹೆಚ್ಚು, ಗಾಳಿಯೂ ಹೆಚ್ಚು. ನಡುವೆ ಬಿದಿರಿನ ಗಳ ಅಥವಾ ಹುಡ್ಡಿನ ಕಮಾನು ಇಟ್ಟು ಮನೆಯ ಮಾಡಿನಂತೆ ಇಳಿಜಾರು ಮಾಡಿ. ನೀರು ನಿಲ್ಲದೆ ಹರಿದುಹೋಗಲಿ. ಎರಡು ಹಾಳೆಗಳಿದ್ದರೆ ಮುಂದಿನದರ ಅಂಚು ಹಿಂದಿನದರ ಮೇಲೆ ಬರಬೇಕು. ಮಂಗಳೂರು ಹೆಂಚಿನಲ್ಲಿ ಮೇಲಿನ ಸಾಲು ಕೆಳಗಿನ ಸಾಲನ್ನು ಮುಚ್ಚುವುದಿಲ್ಲವೇ, ಹಾಗೆ. ಚೂಪಾದ ಮೂಲೆಗಳಿಗೆ ಗೋಣಿಚೀಲ ಸುತ್ತಿ, ಇಲ್ಲವಾದರೆ ಬಡಿತಕ್ಕೆ ಹಾಳೆ ಹರಿಯುತ್ತದೆ, ಬಣ್ಣವೂ ಸವೆಯುತ್ತದೆ. ಟಾರ್ಪಾಲನ್ನು ಜೀಪಿನ ಮೈಗೇ ಕಟ್ಟಿ, ಲಾರಿಗಲ್ಲ. ಸ್ಪ್ರಿಂಗುಗಳ ಮೇಲೆ ಜೀಪು ಕುಲುಕುತ್ತಿರುವುದರಿಂದ ಲಾರಿಗೆ ಕಟ್ಟಿದ ಹಗ್ಗ ಒಮ್ಮೆ ಬಿಗಿ, ಒಮ್ಮೆ ಸಡಿಲ. ಹಳೆಯ ಟ್ಯೂಬಿನ ರಬ್ಬರು ಪಟ್ಟಿ ನಡುವೆ ಸೇರಿಸಿದರೆ ಆ ಜಗ್ಗಾಟವನ್ನು ಅದು ನುಂಗಿಕೊಳ್ಳುತ್ತದೆ.

ಅಂದು ವಾಲ್ನೂರಿನ ಬಳಿ ನಮ್ಮ ನೆರವಿಗೆ ಬಂದವರು ಒಬ್ಬ ಲಾರಿ ಚಾಲಕರು. ನಮ್ಮ ಗಂಟುಗಳನ್ನು ನೋಡಿ ನಕ್ಕು, "ಹಿಂದಿನಿಂದ ಯಾಕೆ ಶುರು ಮಾಡಿದಿರಿ ಸಾರ್? ಗಾಳಿ ಬರೋದು ಮುಂದಿನಿಂದ. ಮೊದಲು ಮುಂದೆ ಕಟ್ಟಿ" ಎಂದರು. ಟಾರ್ಪಾಲನ್ನು ಮಡಿಸಿ ಹಿಂದಿನ ಸೀಟಿನ ಮೇಲಷ್ಟೇ, ಅಂಚು ಒಳಗೆ ತೂರಿಸಿ ಬಿಗಿದರು. ಗಾಜನ್ನು ಎತ್ತಿಸಿದರು. ಹಿಂದಿನ ದೀಪ, ನಂಬರ್ ಪ್ಲೇಟು ಕಾಣುತ್ತವೆಯೇ ಎಂದು ಸುತ್ತಿ ಬಂದು ನೋಡಿದರು. ಅವರು ಸಾಪೇಕ್ಷ ವೇಗದ ಸೂತ್ರ ಬರೆದವರಲ್ಲ. ಆದರೆ ಅದು ಅವರ ಕೈಯಲ್ಲಿತ್ತು. ನನ್ನಲ್ಲಿ ಸೂತ್ರವಿತ್ತು, ಕೈಗೆ ಇಳಿದಿರಲಿಲ್ಲ. ಮುಂದಿನ ದಾರಿಯಲ್ಲಿ ಹುಡುಗ ನೆನೆದನಾದರೂ ರಸ್ತೆ ಅವನಿಗೆ ಉದ್ದಕ್ಕೂ ಕಾಣುತ್ತಿತ್ತು.

ತಲುಪಿದ ಮೇಲೂ ಎರಡು ಕೆಲಸಗಳಿವೆ. ನೆನೆದ ಡ್ರಮ್ ಬ್ರೇಕು ಹಿಡಿಯುವುದಿಲ್ಲ. ಗಾಡಿ ಚಲಿಸುತ್ತಿರುವಾಗಲೇ ಮೆಲ್ಲಗೆ ಕೆಲವು ಸಲ ಒತ್ತಿದರೆ ಬಿಸಿಗೆ ಒಣಗುತ್ತದೆ. ಇನ್ನೊಂದು, ಒದ್ದೆ ಜೀಪನ್ನು ಹಾಗೆಯೇ ಮುಚ್ಚಿಡಬಾರದು. ಹಸಿ ಕಾಫಿಯ ಮೇಲೆ ರಾತ್ರಿಯಿಡೀ ಟಾರ್ಪಾಲು ಹಾಕಿದರೆ ಬೆಳಿಗ್ಗೆ ಅದರ ಒಳಮೈ ಬೆವರಿರುವುದನ್ನು ಕೊಡಗಿನ ಮಕ್ಕಳು ನೋಡಿರುತ್ತಾರೆ. ಒಳಗಿನ ಆವಿ ತಣ್ಣನೆಯ ಹಾಳೆಗೆ ತಾಗಿ ನೀರಾಗುತ್ತದೆ. ಜೀಪಿಗೂ ಅದೇ ಗತಿ. ಮಳೆಗಿಂತ ಈ ಬೆವರೇ ಹೆಚ್ಚು ತುಕ್ಕು ಹಿಡಿಸುತ್ತದೆ. ಹೊದಿಕೆ ತೆಗೆದು, ನೆಲದಲ್ಲಿ ನೀರಿಳಿಯುವ ತೂತುಗಳಿದ್ದರೆ ತೆರೆದು, ಗಾಳಿಯಾಡಲು ಬಿಡಿ.

ಮಿತ್ರರೇ, ನಿಮ್ಮಲ್ಲಿ ಹೆಚ್ಚಿನವರಿಗೆ ಜೀಪು ಎಳೆಯುವ ಪ್ರಸಂಗ ಬಾರದಿರಬಹುದು. ಆದರೆ ಮಳೆಗಾಲದಲ್ಲಿ ಸ್ಕೂಟರಿನ ಮೇಲೆ ಪ್ಲಾಸ್ಟಿಕ್ ಹೊದ್ದು ಹೊರಡುವಾಗ, ಪಿಕಪ್ಪಿನಲ್ಲಿ ಸಾಮಾನು ತುಂಬಿ ಮುಚ್ಚುವಾಗ ಇದೇ ಲೆಕ್ಕ ಬರುತ್ತದೆ. ನಿಂತಲ್ಲಿ ಸರಿಯಾಗಿರುವುದು ಓಡುವಾಗಲೂ ಸರಿಯಾಗಿರುತ್ತದೆ ಎಂದು ನಂಬಬೇಡಿ. ನೀರಿಗೆ ಹರಿಯಲು ದಾರಿ ಕೊಡಿ, ಗಾಳಿಗೆ ಹಿಡಿತ ಕೊಡಬೇಡಿ. ಎಲ್ಲಕ್ಕಿಂತ ಮೊದಲು, ಯಾವುದು ನೆನೆದರೂ ನಡೆಯುತ್ತದೆ, ಯಾವುದಕ್ಕೆ ಏನೂ ಆಗಕೂಡದು ಎಂಬುದನ್ನು ವಿಂಗಡಿಸಿಕೊಳ್ಳಿ. ಜೀಪನ್ನು ಬಿಸಿಲು ಬಂದಾಗ ಒಣಗಿಸಿಕೊಳ್ಳಬಹುದು. ಸ್ಟೀರಿಂಗ್ ಹಿಡಿದವನಿಗೆ ಮಾತ್ರ ದಾರಿ ಸದಾ ಕಾಣುತ್ತಿರಬೇಕು.