ಪೋಷಕಾಹಾರ ವಿಜ್ಞಾನ ಓದಿದವರಿಗೆ ಏನು ಕೆಲಸ?



ಪಿ.ಯು.ಸಿ. ಮುಗಿಯುವ ಹೊತ್ತಿಗೆ ಮನೆಗೆ ಬಂದ ನೆಂಟರೆಲ್ಲ ಕೇಳುವ ಪ್ರಶ್ನೆ ಒಂದೇ: "ಮುಂದೆ ಏನು ಓದುತ್ತೀ?" ಪೋಷಕಾಹಾರ ವಿಜ್ಞಾನ ಎಂದು ನೀವು ಹೇಳಿದರೆ, "ಅಡುಗೆ ಕಲಿಯಲಿಕ್ಕೆ ಕಾಲೇಜು ಯಾಕೆ?" ಎನ್ನುವವರು ಇಂದಿಗೂ ಇದ್ದಾರೆ. ಅವರಿಗೆ ಏನು ಉತ್ತರ ಹೇಳಬೇಕು, ಈ ಓದಿಗೆ ಎಲ್ಲೆಲ್ಲಿ ಕೆಲಸವಿದೆ, ಅದಕ್ಕೆ ಯಾವ ಕೌಶಲಗಳು ಬೇಕು ಎಂಬುದನ್ನು ಈಗ ನೋಡೋಣ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಪದವಿ ಮುಗಿಸಿ ಒಂದು ಆಸ್ಪತ್ರೆಯ ಪಥ್ಯಾಹಾರ ವಿಭಾಗಕ್ಕೆ ಸೇರಿದ ಹೊಸತು. ದಕ್ಷಿಣ ಕನ್ನಡದ ಈಗಿನ ಕಡಬ ತಾಲ್ಲೂಕಿನ ಆಲಂಕಾರಿನಿಂದ ಮಧುಮೇಹವಿದ್ದ ಒಬ್ಬ ಹೆಂಗಸು ಬಂದಿದ್ದರು. ಅಡಿಕೆ ತೋಟದಲ್ಲಿ ಕೂಲಿ ಕೆಲಸ ಮಾಡುವವರು. ನಾನು ಪುಸ್ತಕದಲ್ಲಿ ಕಲಿತಂತೆ ಓಟ್ಸ್, ಚಪಾತಿ, ಸೇಬು ಎಂದೆಲ್ಲ ಅಂದವಾಗಿ ಚೀಟಿ ಬರೆದು ಕೊಟ್ಟೆ. ಮುಂದಿನ ತಿಂಗಳು ಬಂದಾಗ ರಕ್ತದ ಸಕ್ಕರೆ ಇಳಿದಿರಲಿಲ್ಲ. ವಿಚಾರಿಸಿದೆ. ಅವರು ಮೆಲ್ಲಗೆ ಹೇಳಿದರು: "ಇದರಲ್ಲಿ ಗಂಜಿ ಎಲ್ಲಿ ಉಂಟು ಮಗಾ? ಎರಡು ದಿನ ಗಂಜಿ ಬಿಟ್ಟು ನೋಡಿದೆ. ಮಾತ್ರೆ ನುಂಗಿ ತೋಟಕ್ಕೆ ಹೋದರೆ ಕಣ್ಣು ಕತ್ತಲೆ ಬಂತು. ಮತ್ತೆ ಮೊದಲಿನ ಹಾಗೆಯೇ ಉಂಡೆ."

ಸಕ್ಕರೆಯ ಮಾತ್ರೆ ನುಂಗಿ, ಏನನ್ನೂ ತಿನ್ನದೆ ದುಡಿದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಬಹುದು, ಪ್ರಾಣಕ್ಕೇ ಅಪಾಯ. ನನ್ನ ಚೀಟಿಯಲ್ಲಿ ಲೆಕ್ಕ ಸರಿಯಾಗಿತ್ತು. ಆದರೆ ಅದು ಆ ಹೆಂಗಸಿಗೆಂದು ಬರೆದ ಚೀಟಿ ಆಗಿರಲಿಲ್ಲ. ಅಂದು ಪಕ್ಕದಲ್ಲಿ ಕೂತು, ಬೆಳಗಿನಿಂದ ರಾತ್ರಿಯವರೆಗೆ ಏನು, ಎಷ್ಟು, ಯಾವ ಬಟ್ಟಲಿನಲ್ಲಿ ಎಂದು ಕೇಳಿದೆ. ಗಂಜಿಯನ್ನು ಉಳಿಸಿ ಅಳತೆಯನ್ನು ತಗ್ಗಿಸಿದೆವು. ಜೊತೆಗೆ ಬೇಯಿಸಿದ ಹುರುಳಿ, ನುಗ್ಗೆಸೊಪ್ಪಿನ ಪಲ್ಯ, ಸಿಕ್ಕಿದ ದಿನ ಬಂಗುಡೆ ಮೀನು, ಚಹಾಕ್ಕೆ ಸಕ್ಕರೆ ಬೇಡ. ಈ ಚೀಟಿಯನ್ನು ಅವರು ಪಾಲಿಸಿದರು.

ಹಾಗಾದರೆ ಕಾಲೇಜು ಯಾಕೆ? ಅದೇ ಗಂಜಿಯನ್ನು ನೋಡಿ. ಭತ್ತವನ್ನು ಸಿಪ್ಪೆಯೊಂದಿಗೆ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ ಮಾಡಿದರೆ ಕುಚ್ಚಲಕ್ಕಿ. ಬೇಯುವಾಗ ತೌಡಿನಲ್ಲಿರುವ ಬಿ1 ಜೀವಸತ್ವದ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ. ಬಿಳಿ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅದರ ಬಹುಪಾಲು ತೌಡಿನೊಡನೆ ಹೋಗುತ್ತದೆ. ಆ ಜೀವಸತ್ವದ ಕೊರತೆಯಿಂದ ಬರುವುದೇ ಬೆರಿಬೆರಿ ರೋಗ. ಅದರ ಸಂಶೋಧನೆಗೆಂದು 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನಲ್ಲಿ ಆರಂಭಿಸಿದ ಪುಟ್ಟ ಘಟಕವೇ 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಜ್ಜಿಗೆ ಗಂಜಿ ಮಾಡಲು ಗೊತ್ತಿತ್ತು. ಅದು ಏಕೆ ಒಳ್ಳೆಯದು, ಯಾರಿಗೆ ಎಷ್ಟಾದರೆ ಹೆಚ್ಚಾಯಿತು ಎಂಬುದನ್ನು ತಿಳಿಸುವುದು ವಿಜ್ಞಾನ.

ಇನ್ನು ಉದ್ಯೋಗದ ವಿಚಾರ. ಮೊದಲನೆಯದು ಆಸ್ಪತ್ರೆ. ಮಧುಮೇಹ, ಮೂತ್ರಪಿಂಡ, ಹೃದ್ರೋಗಗಳಿಗೆ ಪಥ್ಯ ಯೋಜಿಸುವುದು, ಬಾಯಿಯಿಂದ ಉಣ್ಣಲಾಗದವರಿಗೆ ನಳಿಕೆಯ ಮೂಲಕ ಕೊಡುವ ಆಹಾರವನ್ನು ಲೆಕ್ಕಹಾಕುವುದು ಇಲ್ಲಿನ ಕೆಲಸ. ಇದಕ್ಕೆ ಪದವಿಯ ಮೇಲೆ ಉನ್ನತ ಓದು ಮತ್ತು ಆಸ್ಪತ್ರೆಯ ತರಬೇತಿ ಇದ್ದರೆ ಬೆಲೆ ಹೆಚ್ಚು. 2021ರ ಆರೋಗ್ಯ ವೃತ್ತಿಪರರ ಕಾಯ್ದೆಯು ಪೋಷಣಾ ವಿಜ್ಞಾನದವರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆದುದರಿಂದ ಕಾಲೇಜಿಗೆ ಸೇರುವ ಮುನ್ನ ಅದರ ಮಾನ್ಯತೆಯನ್ನು ವಿಚಾರಿಸಿ. ಕೆಲವೇ ವಾರಗಳ ಪ್ರಮಾಣಪತ್ರ ಪದವಿಗೆ ಸಮವಲ್ಲ.

ಎರಡನೆಯದು ಸಮುದಾಯ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಆರಂಭವಾಯಿತು. ಇಂದು ಅಂಗನವಾಡಿಯಿಲ್ಲದ ಊರು ವಿರಳ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮೇಲ್ವಿಚಾರಕಿ, ಯೋಜನಾಧಿಕಾರಿ ಹುದ್ದೆಗಳಲ್ಲೂ ಸ್ವಯಂಸೇವಾ ಸಂಸ್ಥೆಗಳಲ್ಲೂ ಈ ಓದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಹುದ್ದೆಗೂ ಕೇಳುವ ಪದವಿ ಬೇರೆಯಿರುತ್ತದೆ. ಅಧಿಸೂಚನೆಯನ್ನು ಕೊನೆಯ ಸಾಲಿನವರೆಗೆ ಓದಿ.

ಮೂರನೆಯದು ಆಹಾರ ಕೈಗಾರಿಕೆ. ಆಲಂಕಾರಿನ ಮಕ್ಕಳಿಗೆ ಇದು ದೂರದ ಮಾತಲ್ಲ. ಪುತ್ತೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಹಲಸಿನ ಹಪ್ಪಳ, ಗೇರುಬೀಜದಂಥ ಸಣ್ಣ ಉದ್ಯಮಗಳಿಗೂ ಗುಣಮಟ್ಟದ ಪರೀಕ್ಷೆ ಬೇಕು, ಪೊಟ್ಟಣದ ಮೇಲೆ ಪೋಷಕಾಂಶಗಳ ಪಟ್ಟಿ ಬರೆಯುವವರು ಬೇಕು. ಆಹಾರ ತಂತ್ರಜ್ಞಾನದ ಕಡೆಗೆ ಒಲವಿದ್ದವರಿಗೆ 1950ರಿಂದ ಮೈಸೂರಿನಲ್ಲಿರುವ ಸಿ.ಎಫ್.ಟಿ.ಆರ್.ಐ. ಇದೆ. ಇವಲ್ಲದೆ ಅಧ್ಯಾಪನ, ಸಂಶೋಧನೆ, ಕ್ರೀಡಾಪಟುಗಳ ಆಹಾರ ಯೋಜನೆ, ದೊಡ್ಡ ವಿದ್ಯಾರ್ಥಿನಿಲಯಗಳ ಅಡುಗೆಮನೆ ನಿರ್ವಹಣೆಯೂ ಇವೆ. ಆರಂಭದ ಸಂಬಳ ಎಲ್ಲೆಡೆ ದೊಡ್ಡದಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಅನುಭವದೊಂದಿಗೆ ಅದು ಬೆಳೆಯುತ್ತದೆ.

ಕೌಶಲಗಳೇನು? ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಗಟ್ಟಿತನ ಮೊದಲು ಬೇಕು. ಮಗುವಿನ ತೂಕ, ಎತ್ತರ, ತೋಳಿನ ಸುತ್ತಳತೆಯನ್ನು ತಪ್ಪಿಲ್ಲದೆ ಅಳೆಯುವ ಕೈ ಬೇಕು. ಅಂಕಿಅಂಶ ಮತ್ತು ಕಂಪ್ಯೂಟರಿನ ಪರಿಚಯ ಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಘಟಕಗಳ ಕೋಷ್ಟಕದಲ್ಲಿ 528 ಆಹಾರ ವಸ್ತುಗಳ ವಿವರವಿದೆ. ಅದನ್ನು ಬಳಸಲು ರೂಢಿಸಿಕೊಳ್ಳಿ. ಸ್ವತಃ ಅಡುಗೆ ಮಾಡಿ ಗೊತ್ತಿರಬೇಕು. ಜನರ ಮಾತು ತಿಳಿಯಬೇಕು. ಕಡಬ, ಸುಳ್ಯದ ಕಡೆ ತುಳು, ಅರೆಭಾಷೆ, ಮಲಯಾಳ ಬಲ್ಲವರ ಮುಂದೆ ರೋಗಿ ಸಂಕೋಚ ಬಿಟ್ಟು ಮಾತಾಡುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಹೇಳುವ ಮೊದಲು ಕೇಳುವ ತಾಳ್ಮೆ ಬೇಕು. ಔಷಧ ಬದಲಿಸುವುದು ವೈದ್ಯರ ಕೆಲಸ, ನಮ್ಮದಲ್ಲ ಎಂಬ ಎಚ್ಚರವೂ ಇರಬೇಕು.

ಈ ದಾರಿ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಒಂದು ಕೆಲಸ ಮಾಡಿ ನೋಡಿ. ನಾಳೆ ಇಡೀ ದಿನ ನಿಮ್ಮ ತಾಯಿ ಏನು ಉಂಡರು, ಎಷ್ಟು ಉಂಡರು, ಯಾವ ಹೊತ್ತಿಗೆ ಉಂಡರು ಎಂದು ಒಂದು ಪುಟದಲ್ಲಿ ಬರೆಯಿರಿ. ಎಲ್ಲರಿಗೂ ಬಡಿಸಿದ ಮೇಲೆ ಅವರ ಪಾಲಿಗೆ ಏನು ಉಳಿಯಿತು ಎಂಬುದನ್ನು ಮರೆಯದೆ ಬರೆಯಿರಿ. ಆ ಪುಟವನ್ನು ಓದಿದಾಗ ನಿಮ್ಮಲ್ಲಿ ಪ್ರಶ್ನೆಗಳು ಏಳುವುದಾದರೆ, ಈ ವಿಜ್ಞಾನಕ್ಕೆ ನೀವು ಬೇಕು.