ವಾದವೂ ವಿಜಯವೂ

ಮಾತಿನಲ್ಲಿ ಗೆದ್ದವನ ಕಡೆಯೇ ಸತ್ಯವೂ ಇರುವುದೆಂದು ಹೇಳುವಂತಿಲ್ಲ. ಈ ಭೇದವನ್ನು ನಮ್ಮ ಶಾಸ್ತ್ರಕಾರರು ಚೆನ್ನಾಗಿ ಬಲ್ಲವರಾಗಿದ್ದರು. ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆಯ ಮೂರು ಬಗೆಗಳು ಹೇಳಲ್ಪಟ್ಟಿವೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದಷ್ಟೇ ವಿತಂಡ. ವಿಶ್ವವಿದ್ಯಾನಿಲಯಗಳ ಚರ್ಚಾಸ್ಪರ್ಧೆಯು ಇವುಗಳಲ್ಲಿ ಯಾವುದಕ್ಕೆ ಸೇರಿದುದೆಂಬುದನ್ನು ಈಗ ವಿಚಾರ ಮಾಡೋಣ.

ಜಾಗತಿಕ ವಿಶ್ವವಿದ್ಯಾನಿಲಯಗಳ ಚರ್ಚಾಸ್ಪರ್ಧೆಯು 1981ರಲ್ಲಿ ಮೊದಲಾಯಿತು. ಅಲ್ಲಿಯ ಪದ್ಧತಿಯಂತೆ ಒಂದೊಂದು ಚರ್ಚೆಯಲ್ಲಿಯೂ ಇಬ್ಬಿಬ್ಬರಿರುವ ನಾಲ್ಕು ತಂಡಗಳು ಭಾಗವಹಿಸುತ್ತವೆ. ಎರಡು ತಂಡಗಳು ವಿಷಯವನ್ನು ಸಮರ್ಥಿಸತಕ್ಕದ್ದು, ಎರಡು ವಿರೋಧಿಸತಕ್ಕದ್ದು. ವಿಷಯವು ತಿಳಿಯುವುದು 15 ನಿಮಿಷಗಳಷ್ಟೇ ಮುಂಚಿತವಾಗಿ. ಒಬ್ಬೊಬ್ಬರ ಭಾಷಣಕ್ಕೂ ದೊರೆಯುವುದು 7 ನಿಮಿಷ. ಯಾವ ಪಕ್ಷವನ್ನು ಹಿಡಿಯಬೇಕೆಂಬುದು ಮಾತನಾಡುವವನ ಇಚ್ಛೆಗೆ ಬಿಟ್ಟುದಲ್ಲ.

ಇಲ್ಲಿಯೇ ಆಕ್ಷೇಪವು ಹುಟ್ಟುತ್ತದೆ. ನಂಬದುದನ್ನು ಸಮರ್ಥಿಸುವುದು ನಾಲಗೆಯನ್ನು ಬಾಡಿಗೆಗೆ ಕೊಟ್ಟಂತಲ್ಲವೆ? ಅಮೆರಿಕೆಯ ಅಧ್ಯಕ್ಷನಾಗಿದ್ದ ಥಿಯೋಡರ್ ರೂಸ್‌ವೆಲ್ಟನು ಹಾರ್ವರ್ಡಿನಲ್ಲಿ ಓದಿದವನು. ಇಂತಹ ಚರ್ಚೆಗಳಲ್ಲಿ ತಾನು ಭಾಗವಹಿಸದಿದ್ದುದು ಒಳ್ಳೆಯದೇ ಆಯಿತೆಂದು ಅವನು 1913ರ ತನ್ನ ಆತ್ಮಕಥೆಯಲ್ಲಿ ಬರೆದನು. ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು.

ಆದರೆ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವೆಂಬುದೊಂದುಂಟು. ಎದುರಾಳಿಯ ಮತವನ್ನು ಅದರ ಪೂರ್ಣಬಲದೊಡನೆ ಮೊದಲು ಹೇಳಿ, ಆಮೇಲೆ ಸಿದ್ಧಾಂತಕ್ಕೆ ಹೋಗುವುದು ಒಳ್ಳೆಯ ಶಾಸ್ತ್ರಕಾರನ ಲಕ್ಷಣ. ತನ್ನದಲ್ಲದ ಪಕ್ಷವನ್ನು ಹಿಡಿದು ಮಾತನಾಡುವ ವಿದ್ಯಾರ್ಥಿಗೆ ದೊರೆಯುವುದು ಈ ಅಭ್ಯಾಸವೇ. ಪರರ ಮತಕ್ಕೂ ಕಾರಣಗಳುಂಟೆಂಬುದನ್ನು ಅವನು ಸ್ವಂತ ಬಾಯಿಂದಲೇ ಕಲಿಯುತ್ತಾನೆ.

ಒಂದು ರಾತ್ರಿಯ ಗೆಲುವನ್ನು ಕಡೆಯ ತೀರ್ಪೆಂದೂ ತಿಳಿಯಬಾರದು. ಆಕ್ಸ್‌ಫರ್ಡಿನ ಯೂನಿಯನ್ ಸಭೆಯಲ್ಲಿ 1933ನೆಯ ಫೆಬ್ರವರಿ 9ರಂದು, ಯಾವ ಸಂದರ್ಭದಲ್ಲಿಯೂ ರಾಜನಿಗಾಗಿ, ದೇಶಕ್ಕಾಗಿ ಹೋರಾಡುವುದಿಲ್ಲವೆಂಬ ನಿರ್ಣಯವು 153ಕ್ಕೆ ವಿರುದ್ಧವಾಗಿ 275 ಮತಗಳಿಂದ ಅಂಗೀಕೃತವಾಯಿತು. ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಅದನ್ನು ದಾಖಲೆಯಿಂದ ತೆಗೆದುಹಾಕಬೇಕೆಂಬ ಸೂಚನೆಯು ಸಭೆಯ ಮುಂದೆ ಬಂದಾಗ 750 ಮಂದಿ ವಿರೋಧಿಸಿದರು. 138 ಮಂದಿ ಮಾತ್ರ ಒಪ್ಪಿದರು. 1939ರಲ್ಲಿ ಯುದ್ಧವು ಬಂದಾಗ ಆ ಪೀಳಿಗೆಯ ಆಕ್ಸ್‌ಫರ್ಡ್ ತರುಣರು ಅನೇಕರು ಸೈನ್ಯಕ್ಕೆ ಸೇರಿದರು. ನಿರ್ಣಯವು ನಿಲ್ಲಲಿಲ್ಲ, ಚರ್ಚಿಸುವ ಸ್ವಾತಂತ್ರ್ಯವು ನಿಂತಿತು. ಉಳಿಸಿಕೊಳ್ಳತಕ್ಕದ್ದೂ ಅದೇ.

ಆದುದರಿಂದ ಸ್ಪರ್ಧೆಯು ಜಲ್ಪವಾಗಿ ಆರಂಭವಾದರೂ ಬಾಧಕವಿಲ್ಲ, ಜಲ್ಪದಲ್ಲಿಯೇ ಮುಗಿಯಬಾರದು. ತೀರ್ಪುಗಾರರು ಕಂಠದ ಏರಿಳಿತಕ್ಕಿಂತಲೂ, ಎದುರಾಳಿಯ ಅತ್ಯಂತ ಬಲವಾದ ಯುಕ್ತಿಗೆ ಯಾರು ಉತ್ತರ ಕೊಟ್ಟರೆಂಬುದನ್ನು ಹೆಚ್ಚಾಗಿ ಎಣಿಸಲಿ. ಚರ್ಚೆ ಮುಗಿದ ಬಳಿಕ ವಿದ್ಯಾರ್ಥಿಯು ಎದುರಾಳಿಯ ಬಳಿ ಕುಳಿತು, ಬಹುಮಾನದ ಹಂಗಿಲ್ಲದೆ, ಅದೇ ವಿಷಯವನ್ನು ಇನ್ನೊಮ್ಮೆ ಮಾತನಾಡಲಿ. ಆಗ ಜಲ್ಪವು ವಾದವಾಗುತ್ತದೆ. ಗೆದ್ದವನಿಗೂ ಸೋತವನಿಗೂ ಲಾಭವುಂಟಾಗುತ್ತದೆ.